ಇರುವೆ ಮುತ್ತಿದ ಲಕೋಟೆ

"ಮುಟ್ಬೇಡ!"

ಗೊಣಗು ಸಾಹೇಬರ ಕೂಗಿಗೆ ನನ್ನ ಕೈ ಕಪಾಟಿನೊಳಗೇ ನಿಂತಿತು. ಪ್ರಶ್ನೆಪತ್ರಿಕೆಯ ಲಕೋಟೆಯ ಮೇಲೆ ಇರುವೆಗಳ ಸಾಲು! ಮೊಹರಿನ ಚೀಟಿ ಇದ್ದಲ್ಲೇ ಇತ್ತು. ಆದರೆ ಅದರ ಒಂದು ಮೂಲೆ ಸುಕ್ಕಾಗಿತ್ತು. ಯಾರೋ ಬಿಚ್ಚಿದ್ದಾರೆ—ಬಿಚ್ಚಿ ಮತ್ತೆ ಅಂಟಿಸಿದ್ದಾರೆ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

ನಾನು ಈ ಗ್ರಂಥಾಲಯದ ಮೇಲ್ವಿಚಾರಕಿ. ಮನೆಯಲ್ಲೇ ಓದಿ ದೂರಶಿಕ್ಷಣದ ಪರೀಕ್ಷೆ ಕಟ್ಟುವವರು ಹಿಂದೆಲ್ಲ ಅದನ್ನು ಬರೆಯಲು ಇಡೀ ದಿನ ಬಸ್ಸಿನಲ್ಲಿ ಕುಕ್ಕರಿಸಿ ಹೋಗಬೇಕಿತ್ತು. ವಿಶ್ವವಿದ್ಯಾಲಯದವರ ಕೈಕಾಲು ಹಿಡಿದು ಇಲ್ಲೇ ಕೇಂದ್ರ ಮಾಡಿಸಿದವಳು ನಾನು. ಲಕೋಟೆ ನನ್ನ ಬೀಗದೊಳಗಿರಬೇಕು, ಕೋಣೆಯಲ್ಲಿ ಕಾವಲು ಕೂರುವವರು ಮಾತ್ರ ಬರೆಯುವವರ ನೆಂಟರಾಗಿರಬಾರದು—ಇದು ಅವರ ಷರತ್ತು. ನನ್ನ ತಂಗಿಯೂ ಬರೆಯುವವಳಾದ್ದರಿಂದ ಕಾವಲಿಗೆ ಸಾಹೇಬರನ್ನು ಒಪ್ಪಿಸಿದ್ದೆ. ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ದಿನಾ ಪೇಪರ್ ಓದಲು ಬಂದು, ಫ್ಯಾನಿನ ಸದ್ದಿನಿಂದ ಹಿಡಿದು ಸರ್ಕಾರದವರೆಗೆ ಎಲ್ಲದಕ್ಕೂ ಗೊಣಗುವ ಆಸಾಮಿ.

ಇವತ್ತು ಮಾತ್ರ ಗೊಣಗಲಿಲ್ಲ. ಬೀಗ ತೆಗೆಯುವಾಗ, "ಬೆರಳಿಗೇನಮ್ಮಾ ಆಯ್ತು?" ಎಂದು ಕೇಳಿದ್ದರು ಅಷ್ಟೆ.

"ತಳ ಹಿಡಿದ ಪಾತ್ರೆ ತಿಕ್ಕಿ ತಿಕ್ಕಿ ಉಗುರಿನ ಸಂದಿ ಕಿತ್ತೋಯ್ತು, ಸಾಹೇಬ್ರೇ. ತಂಗಿಗೆ ನಿನ್ನೆ ಹೊಟ್ಟೆ ಸರಿ ಇರ್ಲಿಲ್ಲವಂತೆ. ಮಧ್ಯಾಹ್ನ ನಾನು ಮಲಗಿದ್ದಾಗ ತಾನೇ ಗಂಜಿ ಕಾಯಿಸ್ಕೊಂಡು, ಪಾತ್ರೆ ನನ್ನ ಪಾಲಿಗೆ ಇಟ್ಟಿದ್ಲು!" ಎಂದು ನಕ್ಕಿದ್ದೆ.

ಈಗ ನಗು ಎಲ್ಲಿಂದ ಬರಬೇಕು?

"ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಹೇಳ್ಲೇಬೇಕು," ಎಂದರು ಸಾಹೇಬರು. "ಯಾರು ಮಾಡಿದ್ದು ಅಂತ ತೋರಿಸಿದ್ರೆ ಬೇರೆ ಪತ್ರಿಕೆ ಕಳಿಸ್ತಾರೆ. ಗೊತ್ತಿಲ್ಲ ಅಂದ್ಯೋ—ಕೇಂದ್ರಕ್ಕೇ ಬೀಗ."

ಹೊರಗಿನ ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದ ನರ್ಸ್, ಬಸ್ ಡ್ರೈವರ್, ನನ್ನ ತಂಗಿ. ನರ್ಸಿಗೆ ಇದು ಕೊನೆಯ ಅವಕಾಶ. ತಪ್ಪಿದರೆ ಅವಳ ಹೆಸರನ್ನೇ ತೆಗೆದುಹಾಕುತ್ತಾರೆ.

"ಏನ್ ಮೇಡಂ, ಪ್ರಶ್ನೆಗಳು ಇನ್ನೂ ಎದ್ದಿಲ್ವಾ?" ಎಂದು ಡ್ರೈವರ್ ಇಣುಕಿದ. ನನ್ನ ಮುಖ ಕಂಡು ಸುಮ್ಮನೆ ಹಿಂದೆ ಸರಿದ.

ಸಾಹೇಬರು ಲಕೋಟೆಯ ಅಂಚನ್ನು ಉಗುರಿನಿಂದ ಕೆರೆದರು. ಬಿಳಿ ಹಕ್ಕಳೆ ಎದ್ದಿತು.

"ಮೈದಾ ಅಂಟು."

ನನ್ನ ಕಣ್ಣು ತಾನಾಗಿ ಮೂಲೆಗೆ ಹೋಯಿತು. ಅಲ್ಲಿ ಬೈಂಡರಣ್ಣ ಹರಿದ ಪುಸ್ತಕವೊಂದಕ್ಕೆ ದಾರ ಹಾಕುತ್ತಿದ್ದರು. ಪಕ್ಕದಲ್ಲಿ ಅವರ ಅಂಟಿನ ಬಟ್ಟಲು.

"ಬೈಂಡರಣ್ಣಾ, ಶನಿವಾರ ಕಪಾಟಿನ ಕೀ ಇಸ್ಕೊಂಡಿದ್ದು ನೀವೇ ಅಲ್ವಾ?"

"ಹೌದಮ್ಮಾ, ರಟ್ಟಿನ ಬಟ್ಟೆ ತಗೊಳ್ಳೋಕೆ. ಆಗ್ಲೇ ವಾಪಸ್ ಕೊಟ್ನಲ್ಲ?"

"ಬಟ್ಟೆ ಮಾತ್ರ ತಗೊಂಡ್ರಾ?"

ಅವರ ಕೈಯಲ್ಲಿದ್ದ ಸೂಜಿ ನಿಂತಿತು. "ಅಂದ್ರೆ?"

"ಯಾರಿಗೆ ತೋರಿಸಿದ್ರಿ ಆ ಪತ್ರಿಕೇನ? ಇಷ್ಟು ವರ್ಷ ನಂಬಿದ್ದಕ್ಕೆ ಇದೇನಾ? ಉಂಡ ಮನೆಗೇ ಕನ್ನ ಹಾಕಿದ್ರಲ್ಲ!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಸೂಜಿಯನ್ನು ರಟ್ಟಿಗೆ ಚುಚ್ಚಿಟ್ಟು, ಪುಸ್ತಕ ಮಡಚಿದರು. ಅದು ಇನ್ನಷ್ಟು ಉರಿಸಿತು.

ಸಾಹೇಬರು ಅತ್ತ ಬಟ್ಟಲಿನ ಮೇಲೆ ಬಗ್ಗಿ ಮೂಸಿ ನೋಡುತ್ತಿದ್ದರು!

"ಇದು ಯಾವತ್ತಿನ ಅಂಟು, ಬೈಂಡರೇ?"

"ಶನಿವಾರದ್ದು, ಸಾಹೇಬ್ರೇ."

"ಹೀಗೇ ಬಾಯ್ತೆರೆದು ಬಿಟ್ಟಿದ್ರಾ?"

"ಯಾವಾಗ್ಲೂ ಹೀಗೇ."

ಸಾಹೇಬರು ನನ್ನ ಕಡೆ ತಿರುಗಿದರು. "ಶನಿವಾರ ಬಾಗಿಲು ಹಾಕಿದ ಮೇಲೆ ಕೀ ಗೊಂಚಲು ಎಲ್ಲಿತ್ತು?"

"ನನ್ನ ಬ್ಯಾಗಲ್ಲಿ. ಮನೇಲಿ."

"ಹೊರಬಾಗಿಲಿನ ಕೀನೂ ಅದರಲ್ಲೇ?"

"ಹೂಂ."

"ನಿನ್ನೆ ಭಾನುವಾರದ ರಜೆ. ಮಧ್ಯಾಹ್ನ ನೀನು ಮಲಗಿದ್ದಾಗ ತಂಗಿ ಮನೇಲೇ ಇದ್ಲಾ?"

"ಗಂಜಿ ಕುಡಿದು ಗೆಳತಿ ಮನೆಗೆ ಓದೋಕೆ ಹೋಗಿದ್ಲು..." ಎಂದವಳಿಗೆ ಸಿಟ್ಟು ನೆತ್ತಿಗೇರಿತು. "ಅವಳ ಸುದ್ದಿಗೆ ಬರ್ಬೇಡಿ, ಸಾಹೇಬ್ರೇ! ಅಮ್ಮ ಹೋದ ಮೇಲೆ ಎತ್ತಿ ಆಡಿಸಿ ಬೆಳೆಸಿದ ಕೂಸು ಅದು."

"ಕೂಸನ್ನ ಒಳಗೆ ಕರಿ."

ತಂಗಿ ಬಂದಳು. ಲಕೋಟೆಯ ಕಡೆ ನೋಡಲೇ ಇಲ್ಲ. ಒಳಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ ಅಲ್ಲವೇ?

"ನಿಮ್ಮಕ್ಕ ಇರುವೆ ನೋಡಿದ್ಲು, ಅಂಟು ನೋಡಿದ್ಲು," ಎಂದರು ಸಾಹೇಬರು. "ಎರಡನ್ನೂ ಒಟ್ಟಿಗೆ ಇಟ್ಟು ನೋಡ್ಲಿಲ್ಲ. ಈ ಬಟ್ಟಲು ಶನಿವಾರದಿಂದ ಬಾಯ್ತೆರೆದು ಕೂತಿದೆ. ಒಂದಾದ್ರೂ ಇರುವೆ ಇದೆಯಾ? ಇಲ್ಲ! ಯಾಕೆ?"

ನಾನು ಬಗ್ಗಿ ನೋಡಿದೆ. ಬಟ್ಟಲಿನ ಅಂಟಿಗೆ ತೆಳು ನೀಲಿ ಬಣ್ಣವಿತ್ತು.

"ಮೈಲುತುತ್ತ," ಎಂದೆ.

"ಅದೇ," ಎಂದರು ಸಾಹೇಬರು ನನಗೆ. "ಪುಸ್ತಕಕ್ಕೆ ಹುಳ ಬೀಳ್ಬಾರ್ದು ಅಂತ ಬೈಂಡರ್ ಹಾಕೋ ವಿಷ. ಅದನ್ನ ತಂದುಕೊಡೋಳೇ ನೀನು, ಈ ಕೆಲಸ ನೀನು ಮಾಡಿದ್ರೂ ಅದನ್ನ ಬೆರೆಸೋಕೆ ಮರೀತಿರ್ಲಿಲ್ಲ. ಲಕೋಟೆಗೆ ಹಚ್ಚಿರೋದು ಬರೀ ಬಿಳೀ ಮೈದಾ. ಬೈಂಡರ್ ಅಂಟು ಕಾಯಿಸೋದನ್ನ ಕಂಡಿದ್ದು, ಅದಕ್ಕೇನು ಬೆರೆಸ್ತಾರೆ ಅಂತ ಗೊತ್ತಿಲ್ಲದವರ ಕೆಲಸ. ಕೀ ಇದ್ದ ಮನೇಲೇ, ನಿನ್ನೆಯೇ, ಪಾತ್ರೆ ತಳ ಹಿಡೀತು. ಅದು ಗಂಜಿ ಅಲ್ಲಮ್ಮಾ."

ಉಗುರಿನ ಸಂದಿಯ ಉರಿ ಅಂಗೈಗೆಲ್ಲ ಹರಡಿದಂತಾಯಿತು. ನಾನು ತಂಗಿಯ ಮುಖ ನೋಡಿದೆ. ಅಲ್ಲ ಎನ್ನಲಿ, ಒಂದು ಸಲ ಅಲ್ಲ ಎನ್ನಲಿ, ನಾನು ಇಡೀ ಲೋಕದ ಜೊತೆ ಜಗಳಕ್ಕೆ ನಿಲ್ಲುತ್ತೇನೆ.

ಅವಳು ಅಲ್ಲ ಎನ್ನಲಿಲ್ಲ.

"ನಿಮ್ಮನೇಲಿ ಗೋಂದಿಲ್ವಾ?" ಸಾಹೇಬರು ಮೆಲ್ಲಗೆ ಕೇಳಿದರು.

"ಇದೆ," ಎಂದೆ ನಾನೇ. "ಮೇಜಿನ ಡ್ರಾಯರಲ್ಲಿ. ಹೊಸ ಬಾಟ್ಲು."

"ಮತ್ತೆ ಒಲೆ ಹಚ್ಚಿ ಮೈದಾ ಕಾಯಿಸಿದ್ದು ಯಾಕೆ ಅಂತ ಕೇಳು."

ನಾನು ಕೇಳುವ ಮೊದಲೇ ತಂಗಿ ಬಿಕ್ಕಿದಳು.

"ಗೊತ್ತಾದ್ರೂ ಅನುಮಾನ ಬೈಂಡರಣ್ಣನ ಮೇಲೆ ಹೋಗ್ಲಿ ಅಂತ... ಅಕ್ಕಾ, ಫೇಲಾದ್ರೆ ನಿನ್ನ ಮುಖ ಹೇಗೆ ನೋಡ್ಲಿ ಅಂತ ಭಯ ಆಯ್ತು. ನೀನು ಯಾರನ್ನ ಬೇಕಾದ್ರೂ ಅನುಮಾನಿಸ್ತೀಯ, ನನ್ನ ಮಾತ್ರ ಅನುಮಾನಿಸಲ್ಲ ಅಂತ ಗೊತ್ತಿತ್ತು."

ಆ ಬೈಂಡರಣ್ಣನೇ ಅವಳ ಪಾಠದ ಪುಸ್ತಕಗಳಿಗೆಲ್ಲ ಪ್ರೀತಿಯಿಂದ ರಟ್ಟು ಹಾಕಿಕೊಟ್ಟವರು. ನನ್ನ ನಂಬಿಕೆಯನ್ನೇ ಏಣಿ ಮಾಡಿಕೊಂಡಳಲ್ಲ ಪಾಪಿ!

"ಫೋನ್ ನಾನು ಮಾಡ್ಲಾ, ನೀನು ಮಾಡ್ತೀಯಾ?" ಎಂದರು ಸಾಹೇಬರು.

ಹೊರಗೆ ನರ್ಸ್ ಗೋಡೆಗೊರಗಿ, ಪುಸ್ತಕ ಎದೆಗವಚಿಕೊಂಡು, ಕೂತಲ್ಲೇ ತೂಕಡಿಸುತ್ತಿದ್ದಳು. ನಾನು ಫೋನ್ ಎತ್ತಿದೆ. ಯಾರು ಮಾಡಿದ್ದೆಂದು ಆ ಕಡೆಯವರು ಕೇಳಿದರು.

"ನನ್ನ ತಂಗಿ," ಎಂದೆ.

ನರ್ಸಿಗೂ ಡ್ರೈವರಿಗೂ ಬೇರೆ ದಿನ ಸಿಕ್ಕಿತು. ಕೇಂದ್ರ ಉಳಿಯಿತು. ತಂಗಿಯನ್ನು ಪರೀಕ್ಷೆಯಿಂದ ಹೊರಗಿಟ್ಟರು. ಅವಳು ಒಬ್ಬಳೇ ಮನೆಗೆ ಹೋದಳು.

ಸಂಜೆ ಬಾಗಿಲು ಹಾಕಿದ ಮೇಲೆ ಗೊಂಚಲನ್ನು ಬ್ಯಾಗಿಗೆ ಹಾಕಲು ಕೈ ಬರಲಿಲ್ಲ. ಮೆಟ್ಟಿಲಿಳಿಯುತ್ತಿದ್ದ ಬೈಂಡರಣ್ಣನ ಮುಂದೆ ಹಿಡಿದೆ.

"ತಪ್ಪಾಯ್ತು, ಬೈಂಡರಣ್ಣಾ. ಇನ್ಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ."

ಅವರು ಕೈ ಚಾಚಲಿಲ್ಲ. ಮುಖದಲ್ಲಿ ಕೋಪವೂ ಇರಲಿಲ್ಲ.

"ಬೇಡಮ್ಮಾ," ಎಂದರು. "ಬಟ್ಟೆ ಬೇಕಾದಾಗ ಕೇಳ್ತೀನಿ. ನೀವೇ ತೆಗೆದುಕೊಡಿ."