ಏಕಾಂತಮ್ಮನ ಗಾದಿ

"ಇಳಿಸ್‌ಬ್ಯಾಡ್ರಿ! ಈ ಹತ್ತಿಗೆ ನೀರು ಹೊಡ್ದವ್ರೆ!"

ಹಿರಿಯೂರಿನ ಹತ್ತಿ ಮಂಡಿಯ ಗದ್ದಲ ಗಪ್ಪನೆ ನಿಂತಿತು. ಅದು ಎಪ್ಪತ್ನಾಲ್ಕನೇ ಇಸವಿ. ಲೋಡುದಿಂಬಿಗೆ ಒರಗಿ, ಗಾದಿಯ ಮೇಲೆ ಕುಳಿತು ಮಂಡಿ ನಡೆಸುವ ಹೆಣ್ಣೆಂದರೆ ಸುತ್ತ ಹತ್ತೂರಿಗೆ ಮ್ಯಾನೇಜರ್ ಏಕಾಂತಮ್ಮ ಒಬ್ಬಳೇ!

"ಇಬ್ಬನಿ ಬಿದ್ದೈತೆ ಕಣ್ರೀ," ಎಂದ ಯಲ್ಲದಕೆರೆಯ ಮುರುಗೇಶಪ್ಪ.

"ಇಬ್ಬನಿ ಇಷ್ಟು ತೂಗಲ್ಲ. ಒಣಗಿಸ್ಕಂಡು ಬರ್ರಿ."

ಮುಖ ಕೆಂಪಗೆ ಮಾಡಿಕೊಂಡು ಹೋದವನು ವಾರದೊಳಗೆ ಒಣಗಿಸಿ ತಂದ. ಸುಗ್ಗಿ ಮುಗಿಯುವ ಮೊದಲೇ ಹೆಣ್ಣು ಕೇಳಲು ಹಿರಿಯರನ್ನೂ ಕಳಿಸಿದ! ಬೈಸಿಕೊಂಡ ಜಾಗದಲ್ಲೇ ಮನಸ್ಸು ಬಿಟ್ಟು ಹೋಗಿದ್ದ ಪುಣ್ಯಾತ್ಮ. ಅವಳೂ ಒಪ್ಪಿದಳು...

ಆದರೆ ವೀಳ್ಯ ಬದಲಾಯಿಸಿದ ದಿನ ಅವನ ತಾಯಿ ಬಸಮ್ಮ ಎಲ್ಲರೆದುರೇ ಹೇಳಿಬಿಟ್ಟಳು. "ಮದ್ವೆ ಆದ್ಮೇಲೆ ಈ ಗಾದಿ ಗೀದಿ ಎಲ್ಲಾ ಬ್ಯಾಡ ಕಣವ್ವ."

ಮುರುಗೇಶಪ್ಪ ತಲೆ ತಗ್ಗಿಸಿ ಕುಳಿತಿದ್ದ.

ಅಂದಿನಿಂದ ಏಕಾಂತಮ್ಮನಿಗೆ ಅದೇ ಯೋಚನೆ. 'ಅಮ್ಮ ಕುಂತವ್ರಾ?' ಎಂದು ಕೇಳಿಕೊಂಡೇ ರೈತರು ಎತ್ತು ಬಿಚ್ಚುತ್ತಿದ್ದರು. ಆ ಒಂದು ಮಾತಿಗೆ ಅವಳ ಹೊಟ್ಟೆ ತುಂಬುತ್ತಿತ್ತು. ಅದನ್ನು ಬಿಟ್ಟು ಹೇಗಿರಲಿ? ಅವನನ್ನು ಬಿಟ್ಟು...?

ಸೋಮವಾರ ಮಂಡಿಗೆ ಬಂದವಳು ಬಾಗಿಲಲ್ಲೇ ನಿಂತಳು. ಗಾದಿಯಿಲ್ಲ! ಬರೀ ಹಲಗೆ!

"ನಿಮ್ಮ ಯಜಮಾನ್ರಾಗೋರೇ ಗಾಡೀಲಿ ಹೇರ್ಕಂಡು ಹೋದ್ರು ಕಣಕ್ಕ," ಎಂದಳು ಕಸ ಗುಡಿಸುತ್ತಿದ್ದ ಜುಂಜಮ್ಮ. "ಮಂಡಿ ಸಾವ್ಕಾರ್ರೂ ಹ್ಞೂಂ ಅಂದ್ರು."

'ತಾಳಿ ಕಟ್ಟುವ ಮೊದಲೇ ಎಬ್ಬಿಸಿಬಿಟ್ಟನಲ್ಲ!' ಸಿಟ್ಟು, ಅಳು ಒಟ್ಟಿಗೇ ಉಕ್ಕಿದವು. ಸೆರಗು ಬಿಗಿದು ಬರೀ ಹಲಗೆಯ ಮೇಲೆಯೇ ಕುಳಿತಳು.

"ಹಾಕ್ರಿ ತಕ್ಕಡಿಗೆ!"

ಮಧ್ಯಾಹ್ನ ಅವನ ಗಾಡಿ ಬಂತು.

"ನಿಮ್ಮ ವೀಳ್ಯ ವಾಪಸ್ ತಗಳ್ರಿ." ಅವಳು ಹಲಗೆಯ ಅಂಚು ಹಿಡಿದು ಕುಳಿತಳು. "ನಾನು ಇಲ್ಲಿಂದ ಏಳಲ್ಲ!"

"ಏಳಬ್ಯಾಡ್ರಿ ಅಂತ ಹೇಳಾಕೇ ಬಂದೀನಿ... ಒಂದು ಗಳಿಗೆ ಎದ್ರೆ ಇದನ್ನ ಹಾಸ್ತೀನಿ."

ಗಾಡಿಯಿಂದ ಇಳಿದದ್ದು ಅದೇ ಗಾದಿ! ಗಂಟುಗಟ್ಟಿದ್ದ ಹಳೆಯ ಹತ್ತಿ ತೆಗೆಸಿ, ತನ್ನ ಹೊಲದ ಹೊಸ ಹತ್ತಿ ತುಂಬಿಸಿದ್ದ.

"ಅವತ್ತು ನಾಕು ಜನದ ಮುಂದೆ ಅವ್ವಂಗೆ ಎದುರಾಡ್ಲಿಲ್ಲ. ಮನೇಲಿ ಹೇಳ್ದೆ, ಬೈಸ್ಕಂಡೆ. ಕೊನೆಗೆ ಈ ಹತ್ತಿ ಹಿಂಜಿ ಕೊಟ್ಟೋಳೂ ಅವ್ವನೇ. ನಿಮಗೆ ಮೊದ್ಲೇ ಹೇಳ್ಬೇಕಿತ್ತು, ತಪ್ಪಾತು." ಅವನು ತಲೆಯೆತ್ತಿದ. "ನಾನು ಮನಸು ಕೊಟ್ಟಿದ್ದೇ ಈ ಗಾದಿ ಮ್ಯಾಲೆ ಕುಂತಿದ್ದೋರಿಗೆ ಕಣ್ರೀ..."

ಏಕಾಂತಮ್ಮ ಗಾದಿಯ ಮೇಲೆ ಅಂಗೈ ಒತ್ತಿ ನೋಡಿದಳು.

"ಒಣಗೈತಾ, ಮ್ಯಾನೇಜರ್ರೇ?"

"ಒಣಗೈತೆ..."

"ನಿಮ್ಮ ಕಣ್ಣೇ ಒದ್ದೆ ಆಗೈತಲ್ರೀ!"

ಸೆರಗಿನಿಂದ ಮುಖ ಒರೆಸಿಕೊಂಡು ಅವಳು ನಕ್ಕಳು.

"ಇಬ್ಬನಿ ಬಿದ್ದೈತೆ ಕಣ್ರೀ."