ಮೂರನೆಯ ಭಾನುವಾರದ ಓದು

ಹಿರೇಕೆರೂರಿನ ಆ ಪುಟ್ಟ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ-ಹುಡುಗಿಯ ಹೆಸರು ಓದಿ, ಆಕ್ಷೇಪವಿದ್ದವರು ಈಗಲೇ ಹೇಳಿ ಎಂದು ಕೇಳುವ ರೂಢಿ. ಓದುವ ಕೆಲಸ ಯುವಜನ ಸಂಘದ ಕಾರ್ಯದರ್ಶಿಯದು. ಹಾಗಾಗಿ ಶೀಲಾಳ ಹೆಸರನ್ನು ಹಾನಗಲ್ಲಿನ ಸಂಜಯ ಮಾಸ್ತರರ ಹೆಸರಿನ ಜೊತೆ ಓದುವ ಪಾಡು ಆನಂದನಿಗೇ ಬಂತು.

ಐದು ವರ್ಷದಿಂದ ಅವಳನ್ನು ಪ್ರೀತಿಸುತ್ತಿದ್ದ. ಒಮ್ಮೆಯೂ ಹೇಳಿರಲಿಲ್ಲ. ಅವಳ ಬಿ.ಎಡ್ ಮುಗಿಯಲಿ ಎಂದ, ಆಮೇಲೆ ನೌಕರಿ ಸಿಗಲಿ ಎಂದ. ಸಿಕ್ಕ ಮೇಲೆ, ಟೆಂಪೊ ಓಡಿಸುವ ನಾನೆಲ್ಲಿ, ಟೀಚರ್ ಆದ ಅವಳೆಲ್ಲಿ ಎಂದು ಸುಮ್ಮನಾದ. ತಾಳಿದವನು ಬಾಳಿಯಾನು, ನಿಜ. ಆದರೆ ಬಾಯಿಬಿಡಲು ಅಂಜಿದವನೂ ಅದೇ ಸಾಲಿನಲ್ಲಿ ಕೂತುಬಿಡುತ್ತಾನಲ್ಲ, ಏನು ಮಾಡೋಣ? ವಿನಯ, ತಾಳ್ಮೆ ಬೇಕಿದ್ದರೆ ಆನಂದನನ್ನು ನೋಡಿ ಕಲಿಯಿರಿ ಎಂದು ಪಾದ್ರಿಗಳು ಹುಡುಗರಿಗೆಲ್ಲ ಹೇಳುತ್ತಿದ್ದರು.

ಮೊದಲ ಭಾನುವಾರ ಓದುವಾಗ ಶೀಲಾ ಮುಂದಿನ ಬೆಂಚಿನಿಂದ ಒಂದೇ ಹುಬ್ಬೇರಿಸಿ ನೋಡಿದಳು. ಹಾಡಿನ ಪ್ರಾಕ್ಟೀಸಿನಲ್ಲಿ ಅವನ ಶ್ರುತಿ ತಪ್ಪಿದಾಗ ನೋಡುತ್ತಿದ್ದುದೂ ಹಾಗೆಯೇ. ಎರಡನೆಯ ವಾರ ಹುಬ್ಬು ಏರಲಿಲ್ಲ, ಕಣ್ಣೂ ಕದಲಲಿಲ್ಲ.

ಮೂರನೆಯ ವಾರ ಪ್ರಶ್ನೆ ಕೇಳಿ ನಿಂತ. ಯಾರೋ ಕೆಮ್ಮಿದರು. ಶೀಲಾ ಅವನ ತುಟಿಯನ್ನೇ ನೋಡುತ್ತಿದ್ದಳು. ಹೇಳು, ಹೇಳು ಎಂದಿತು ಎದೆ. ನಾಲಿಗೆ ಏಳಲಿಲ್ಲ. ಆಕ್ಷೇಪ ಯಾವುದೂ ಇಲ್ಲ ಎಂದು ತಾನೇ ಓದಿ ಚೀಟಿ ಮಡಚಿದ.

ಆರಾಧನೆ ಮುಗಿದು ಜನ ಹೊರಗೆ ಹೋದರು. ಅವನು ಹಾಡಿನ ಪುಸ್ತಕ ಜೋಡಿಸುತ್ತಿದ್ದಾಗ ಶೀಲಾ ತನ್ನದನ್ನು ತಂದುಕೊಟ್ಟಳು.

“ಮೂರು ವಾರ ಕಾದೆ,” ಎಂದಳು. “ಒಂದ ಮಾತು ಅಂತೀ ಅಂತ.”

ಅವನು ಪುಸ್ತಕವನ್ನು ಬೆಂಚಿನ ಮೇಲಿಟ್ಟ. “ನಾ ನಿನಗ ತಕ್ಕವ ಅಲ್ಲ ಅನಕೊಂಡಿದ್ದೆ, ಶೀಲಾ.”

“ಅದನ್ನ ನನ್ನ ಕೇಳಬೇಕಾಗಿತ್ತು.”

“ಈಗ ಕೇಳ್ತೇನಿ.”

ಅವಳ ಕಣ್ಣು ತುಂಬಿತು. ಅಪ್ಪ ಬಾಗಿಲಾಚೆ ಎಲ್ಲರ ಕೈಹಿಡಿದು ಮದುವೆಗೆ ಕರೆಯುತ್ತಿದ್ದ. ಅವನ ನಗು ಒಳಗೂ ಕೇಳುತ್ತಿತ್ತು.

“ಈಗ ಅಪ್ಪನ ತಲಿ ಹೆಂಗ ತಗ್ಗಸಲಿ?” ಎಂದಳು.

ಹೊರಟವಳು ಬಾಗಿಲ ಬಳಿ ನಿಂತಳು.

“ಮದವಿಗೆ ಬರಬ್ಯಾಡ, ಆನಂದ. ನೀ ಬಂದು ಹಿಂದಿನ ಬೆಂಚಿನ್ಯಾಗ ಕುಂತ್ರ, ನಾ ಮತ್ತ ಕಾಯಾಕ ಶುರು ಮಾಡ್ತೇನಿ.”