ಹತ್ತನೆಯ ಕಾಗದ

ಹದಿನೆಂಟು ವರ್ಷ ಟ್ರಂಕಿನಲ್ಲಿ ಹಾಯಾಗಿ ಮಲಗಿದ್ದ ಕಾಗದಗಳು ಈಗೇಕೆ ಎದ್ದು ಹರಿಹರಕ್ಕೆ ಹೊರಡಬೇಕು? ಕೊಟ್ಟೂರಪ್ಪನ ಸಂಕಟ ಇಷ್ಟೇ.

ಸುದ್ದಿ ತಂದವಳು ಖತೀಜಾಬೀ. ಅವಳ ಗಂಡ ಮಕ್ತುಮ್ ಸಾಬ್ ದಾವಣಗೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಅದನ್ನು ಗೆಳೆಯ ಕೊಟ್ಟೂರಪ್ಪನಿಗೆ ಒಪ್ಪಿಸಿ ಬರ್ಮಾ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ; ಅಂಗಡಿ ಕೊಟ್ಟೂರಪ್ಪನ ಕೈಯಲ್ಲೇ ಉಳಿಯಿತು.

“ಅಣ್ಣಾರೆ, ಚೀನಾದೋರ ಗಲಾಟೆ ನಡದೈತಲ್ಲ, ಹರಿಹರದಾಗ ಸಿಪಾಯಿಗಳ ಸಲುವಾಗಿ ಸಭೆ ಮಾಡ್ತಾರಂತ್ರಿ. ನಮ್ಮನೆಯೋರ ಕಾಗದ ಎಲ್ಲಾರ ಮುಂದ ಓದ್ತಾರಂತ. ಬಕ್ಕೇಶಪ್ಪ ಮೇಷ್ಟ್ರು ಕೇಳ್ಯಾರ.”

“ಕೊಡು ತಂಗಿ, ಯಾಕ ಬ್ಯಾಡ? ಹಾಳೆ ಹರದಿರ್ತಾವು. ಅಂಟಿಸಿ ಕೊಡ್ತೀನಿ, ತಾ.”

“ನೀವಿಲ್ದಿದ್ರ ಅವು ನನಗ ಬರೀ ಇರುವೆ ಸಾಲು, ಅಣ್ಣಾರೆ” ಎಂದು ನಕ್ಕಳು.

ಅವಳಿಗೆ ಓದು ಬಾರದು. ಮಗಳು ನಸೀಮಾ ಕಲಿತದ್ದು ಉರ್ದು ಶಾಲೆಯಲ್ಲಿ. ಕಾಗದಗಳೋ ಕನ್ನಡದವು, ದಂಡಿನಲ್ಲಿ ಜೊತೆಗಿದ್ದ ಕರಿಬಸವರಾಜ ಬರೆದುಕೊಟ್ಟವು. ಅವನೂ ಅಲ್ಲೇ ಮಣ್ಣಾದ. ಬಂದ ಹನ್ನೊಂದನ್ನೂ ಓದಿ ಹೇಳಿದವನು ಕೊಟ್ಟೂರಪ್ಪನೇ. ಹತ್ತನೆಯದರಲ್ಲಿ ಒಂದು ಸಾಲನ್ನು ಮಾತ್ರ ನುಂಗಿಕೊಂಡಿದ್ದ: ‘ಕೊಟ್ಟೂರಪ್ಪಾ, ನಾನು ಬಾರದಿದ್ದರೆ ಅಂಗಡಿಯನ್ನು ಖತೀಜಾಗೆ ಬಿಟ್ಟುಕೊಡು.’

ಆ ಕಾಗದವನ್ನು ಮಾಯ ಮಾಡುವಂತಿಲ್ಲ. ಓದು ಬಾರದಿದ್ದರೂ ಅವಳಿಗೆ ಎಣಿಕೆ ಬರುತ್ತಿತ್ತು. ಸರಿ, ಹೊಸದು ಬರೆದರಾಯಿತು. ಹಳೆಯ ಹಾಳೆಯನ್ನು ಎಲ್ಲಿ ಹುಡುಕುವುದು? ಮೂರನೆಯ ಕಾಗದದ ಹಿಂದೆಯೇ ಒಂದು ಹಾಳೆ ಪೂರಾ ಖಾಲಿ ಉಳಿದಿತ್ತು. ಅದೇ ದಂಡು, ಅದೇ ವಯಸ್ಸು! ಕೊಟ್ಟೂರಪ್ಪನಿಗೆ ತನ್ನ ಬುದ್ಧಿಯ ಮೇಲೆ ಮುದ್ದು ಬಂತು. ವಾರವಿಡೀ ಕರಿಬಸವರಾಜನ ಗುಂಡು ಅಕ್ಷರವನ್ನು ಸ್ಲೇಟಿನ ಮೇಲೆ ತಿದ್ದಿದ. ಶಾಯಿಗೆ ನೀರು ಬೆರೆಸಿದ. ಬರೆದದ್ದನ್ನು ಮಾಳಿಗೆಯ ಮೇಲೆ, ಹಪ್ಪಳದ ಪಕ್ಕದಲ್ಲಿ, ಎರಡು ದಿನ ಬಿಸಿಲಿಗಿಟ್ಟ. ಅಂಗಡಿಯ ಸಾಲಿದ್ದ ಜಾಗ ಬೋಳಾಗಿ ಕಂಡಿತೆಂದು ಅಲ್ಲೊಂದು ಮಾತು ಸೇರಿಸಿದ: ‘ಕೊಟ್ಟೂರಪ್ಪನಂಥ ಗೆಳೆಯ ಸಿಕ್ಕಿದ್ದು ನನ್ನ ಪುಣ್ಯ.’ ಓದಿಕೊಂಡು ತಾನೇ ಎರಡು ಸಲ ತಲೆದೂಗಿದ. ಅಸಲಿ ಕಾಗದ ನೀರೊಲೆ ಸೇರಿತು. ಆವತ್ತಿನ ಸ್ನಾನ ಬಹಳ ಹಿತವಾಗಿತ್ತು.

ಸಭೆಯಲ್ಲಿ ಬಕ್ಕೇಶಪ್ಪ ಮೇಷ್ಟ್ರು ಹನ್ನೊಂದನ್ನೂ ಓದಿದರು. ಹತ್ತನೆಯದಕ್ಕೆ ಚಪ್ಪಾಳೆಯೇ ಚಪ್ಪಾಳೆ. ಕೊಟ್ಟೂರಪ್ಪ ಎದ್ದು ಕೈಮುಗಿದು, ಶಲ್ಯದಿಂದ ಕಣ್ಣೊರೆಸಿಕೊಂಡ. ಆಮೇಲೆ ಜನ ನೋಡಲೆಂದು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಮೊದಲು ಬಂದವಳು ಖತೀಜಾಬೀ.

ಮಕ್ತುಮ್ ಸಾಬನಿಗೂ ಬರೆಯಲು ಬಾರದ್ದರಿಂದ ಪ್ರತಿ ಕಾಗದದ ಕೆಳಗೆ ಅವನ ಹೆಬ್ಬೆಟ್ಟಿನ ಗುರುತಿತ್ತು. ಕೊಟ್ಟೂರಪ್ಪ ಅದನ್ನೇನೂ ಮರೆತಿರಲಿಲ್ಲ. ಎಲ್ಲರ ಹೆಬ್ಬೆಟ್ಟೂ ಒಂದೇ ಎಂದುಕೊಂಡು ತನ್ನದನ್ನೇ ಶಾಯಿಗದ್ದಿ ಒತ್ತಿದ್ದ. ಆದರೆ ಓದು ಬಾರದ ಖತೀಜಾಬೀ ಹದಿನೆಂಟು ವರ್ಷವೂ ಟ್ರಂಕು ತೆರೆದು ಆ ಕಾಗದಗಳಲ್ಲಿ ನೋಡುತ್ತ ಬಂದದ್ದು ಅದೊಂದನ್ನೇ. ಸಾಲಿನ ಮೇಲೆ ಸವರುತ್ತ ಹೋದ ಅವಳ ಕೈ ಹತ್ತನೆಯದಕ್ಕೆ ನಿಂತಿತು. “ಮೇಷ್ಟ್ರೇ, ಇದು ನಮ್ಮನೆಯೋರ ಹೆಬ್ಬೆಟ್ಟು ಅಲ್ರಿ. ಕತ್ರಿ ತಾಗಿ ಅವರ ಹೆಬ್ಬೆಟ್ಟಿನಾಗ ಅಡ್ಡ ಗೆರೆ ಬಿದ್ದಿತ್ತು. ಉಳಿದ ಹತ್ತರಾಗೂ ಐತೆ, ನೋಡ್ರಿ.” ಆಮೇಲೆ ನಿಧಾನವಾಗಿ ತಿರುಗಿದಳು. “ಅಣ್ಣಾರೆ, ನಿಮ್ಮ ಕೈ ತೋರಿಸ್ರಿ.” ಕೊಟ್ಟೂರಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.